ಮಗ್ಗದ ಮನೆಗೆ ಪ್ರವಾಸಿಗರು ಬರಬೇಕೆ?

ಇಂಡಿ ಸೀಮೆಯ ನಮ್ಮ ಮನೆಯಲ್ಲಿ ಅಜ್ಜಿಯ ಕಾಲದ ಒಂದು ಸೊಲ್ಲಾಪುರ ಚಾದರ ಇದೆ. ಒಂದು ಮಗ್ಗುಲಲ್ಲಿ ಕೆಂಪು ನೆಲದ ಮೇಲೆ ಬಿಳಿ ಹೂವು, ಮಗುಚಿ ಹಾಸಿದರೆ ಬಿಳಿ ನೆಲದ ಮೇಲೆ ಕೆಂಪು ಹೂವು. ಅಂಚು ಸವೆದಿದೆ, ಬಣ್ಣ ಮಾತ್ರ ಇನ್ನೂ ಗಟ್ಟಿ. ಬಾಣಂತನಕ್ಕೂ ಅದೇ, ಚಳಿಗಾಲಕ್ಕೂ ಅದೇ, ಬೀಗರು ಬಂದರೆ ಹಾಸಿ ಕೂರಿಸಲಿಕ್ಕೂ ಅದೇ. ಅಕ್ಕಲಕೋಟೆಗೆ ಹೋಗಿ ಸ್ವಾಮಿ ಸಮರ್ಥರ ದರ್ಶನ ಮುಗಿಸಿ ಬರುವಾಗ ಅಜ್ಜ ಅದನ್ನು ಸೊಲ್ಲಾಪುರದ ಪೇಟೆಯಲ್ಲಿ ಕೊಂಡಿದ್ದನಂತೆ. ವಿಜಯಪುರ, ಕಲಬುರಗಿ, ಬೀದರ ಸೀಮೆಯ ಬಹಳಷ್ಟು ಮನೆಗಳಲ್ಲಿ ಇಂಥದೊಂದು ಚಾದರ, ಇಂಥದೊಂದು ಕಥೆ ಇರುತ್ತದೆ. ಆ ಚಾದರವನ್ನು ಯಾರು ನೇಯ್ದರು ಎಂದು ಮಾತ್ರ ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಈಗ ಹಾಗೆ ಕೇಳುವವರು ಹುಟ್ಟಿಕೊಂಡಿದ್ದಾರೆ. ಬೆಂಗಳೂರು, ಪುಣೆಯಿಂದ ಜನ ಹತ್ತು ಹನ್ನೆರಡು ದಿನ ರಜೆ ಹಾಕಿ, ಗೈಡನ್ನು ಹಿಡಿದು, ಹಿಮಾಲಯದ ಕಡೆ ಹೋಗುತ್ತಾರೆ. ಕುಲ್ಲುವಿನಲ್ಲಿ ಶಾಲು ನೇಯುವುದನ್ನು ನೋಡುತ್ತಾರೆ, ಲಡಾಖಿನಲ್ಲಿ ಪಶ್ಮೀನಾ ನೂಲು ಮುಟ್ಟುತ್ತಾರೆ, ಸ್ಪಿತಿಯಲ್ಲಿ ಬೌದ್ಧ ಮಠಗಳ ಗೋಡೆಚಿತ್ರದ ಮುಂದೆ ನಿಲ್ಲುತ್ತಾರೆ. ಬಟ್ಟೆ, ಕೈಕಸಬು, ದೇವಾಲಯ ಮೂರನ್ನೂ ಒಂದೇ ದಾರಿಯಲ್ಲಿ ಪೋಣಿಸಿದ ಪ್ರವಾಸ ಅದು. ಹಾಗೆ ಹೋಗಿಬಂದ ಗೆಳತಿಯೊಬ್ಬಳು ಕೇಳಿದಳು: ಇದೆಲ್ಲ ನಿಮ್ಮ ಸೊಲ್ಲಾಪುರ–ಅಕ್ಕಲಕೋಟೆಯ ನಡುವೆಯೂ ಇದೆಯಲ್ಲ, ಅಲ್ಲಿ ಯಾಕೆ ಇಂಥದೊಂದು ಪ್ರವಾಸ ಇರಬಾರದು?

ನಾನು ತಟ್ಟನೆ ಉತ್ತರ ಕೊಡಲಿಲ್ಲ. ಈ ಪ್ರಶ್ನೆಗೆ ಎರಡೂ ಕಡೆ ತೂಕವಿದೆ.

ಮೊದಲು, ಸೊಲ್ಲಾಪುರದ ಸೀಮೆಯಲ್ಲಿ ಇರುವುದೇನು ಎಂದು ನೋಡೋಣ. ಹೋಲಿಕೆಗೆ ಹೇಳುವುದಾದರೆ, ಸ್ಪಿತಿಯ ತಾಬೋ ಮಠ ಕ್ರಿ.ಶ. 996ರದು. ಸೊಲ್ಲಾಪುರದ ದಕ್ಷಿಣಕ್ಕೆ, ಭೀಮಾ ಮತ್ತು ಸೀನಾ ಕೂಡುವ ಹತ್ತರಸಂಗ ಕುಡಲದಲ್ಲಿ ಶಕ 940ರ, ಅಂದರೆ 1018ರ ಶಾಸನವಿದೆ. ಮರಾಠಿಯ ಅತಿ ಹಳೆಯ ಶಾಸನಗಳಲ್ಲಿ ಅದನ್ನು ಎಣಿಸುತ್ತಾರೆ. ಮೈತುಂಬ ಮುಖಗಳನ್ನು ಕೆತ್ತಿದ ಲಿಂಗವೊಂದು ಅದೇ ಜಾಗದಲ್ಲಿ ಸಿಕ್ಕಿದೆ. ತಾಬೋಗೂ ಈ ಶಾಸನಕ್ಕೂ ನಡುವೆ ಇಪ್ಪತ್ತೆರಡೇ ವರ್ಷದ ಅಂತರ. ತಾಬೋ ನೋಡಲು ಜನ ಉಸಿರು ಕಟ್ಟುವ ಎತ್ತರಕ್ಕೆ ಹತ್ತುತ್ತಾರೆ, ಕುಡಲಕ್ಕೆ ಹೋಗುವವರು ಹೆಚ್ಚಾಗಿ ಸುತ್ತಲಿನ ಹಳ್ಳಿಯವರು.

ಸೊಲ್ಲಾಪುರ ನಗರವೇ ವಚನಕಾರ ಸಿದ್ಧರಾಮನ ಊರು, ವಚನಗಳ ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಆತ ಕಟ್ಟಿಸಿದ ಕೆರೆಯ ನಡುವೆ ಇಂದಿಗೂ ಸಿದ್ಧೇಶ್ವರ ಗುಡಿ ಇದೆ. ಊರಿನ ಸುತ್ತ ಆತ ಸ್ಥಾಪಿಸಿದ 68 ಲಿಂಗಗಳಿವೆ. ಸಂಕ್ರಾಂತಿಯ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಈ ಲಿಂಗಗಳ ದಾರಿಯಲ್ಲಿ ಹೊರಡುತ್ತವೆ. ಜಾತ್ರೆಯ ಮೊದಲ ವಿಧಿಗೆ ಮರಾಠಿ ಪತ್ರಿಕೆಗಳು 'ಯಣ್ಣಿಮಜ್ಜನ' ಎಂದು ಬರೆಯುತ್ತವೆ. ಅದು ನಮ್ಮ ಎಣ್ಣೆಮಜ್ಜನ. ಮರುದಿನ ಸಮ್ಮತಿ ಕಟ್ಟೆಯಲ್ಲಿ ಸಾಂಕೇತಿಕ ಮದುವೆಯ ಅಕ್ಷತೆ ಬೀಳುವ ಮುಂಚೆ ಓದುವ ಸಮ್ಮತಿಯೂ ಕನ್ನಡದ್ದೇ. ಲಕ್ಷಗಟ್ಟಲೆ ಮರಾಠಿ, ತೆಲುಗು, ಕನ್ನಡ ಜನ ನಿಂತು ಅದನ್ನು ಕೇಳಿಸಿಕೊಳ್ಳುತ್ತಾರೆ.

ಅಕ್ಕಲಕೋಟೆ ಇಲ್ಲಿಂದ ಸುಮಾರು ನಲವತ್ತು ಕಿಲೋಮೀಟರ್. ಹಿಂದೆ ಭೋಸಲೆ ಮನೆತನದ ಸಂಸ್ಥಾನವಾಗಿತ್ತು ಅದು. ಸ್ವಾಮಿ ಸಮರ್ಥರು ಅಲ್ಲಿ ಸುಮಾರು 22 ವರ್ಷ ಇದ್ದು 1878ರಲ್ಲಿ ಸಮಾಧಿಸ್ಥರಾದರು. ಆಲದ ಮರದ ಬುಡದ ವಟವೃಕ್ಷ ಮಂದಿರ, ಸಮಾಧಿ ಮಠ, ದಿನವಿಡೀ ಊಟ ಬಡಿಸುವ ಅನ್ನಛತ್ರ, ಹಳೆಯ ಅರಮನೆಯ ಶಸ್ತ್ರಾಗಾರ, ಇಷ್ಟು ಎಲ್ಲರಿಗೂ ಗೊತ್ತು. 'ಅಂಜಬೇಡ, ನಿನ್ನ ಬೆನ್ನಿಗೆ ನಾನಿದ್ದೇನೆ' ಎಂಬ ಸ್ವಾಮಿಗಳ ಅಭಯ ಮಹಾರಾಷ್ಟ್ರದ ರಿಕ್ಷಾಗಳ ಹಿಂದೆಲ್ಲ ಮರಾಠಿಯಲ್ಲಿ ಬರೆದಿರುತ್ತದೆ. ಆದರೆ ಆ ಊರಿನ ಸಂತೆಯಲ್ಲಿ ನಿಂತರೆ ಬೋರ್ಡು ಮರಾಠಿ, ಚೌಕಾಸಿ ಕನ್ನಡ. ಮೈಂದರ್ಗಿ, ದುಧನಿ, ನಾಗಣಸೂರ, ಕರಜಗಿ ಕಡೆಯವರು ಬದನೆಕಾಯಿಗೂ ಬಿತ್ತನೆ ಬೀಜಕ್ಕೂ ಕನ್ನಡದಲ್ಲೇ ಜಗ್ಗಾಡುತ್ತಾರೆ. ರಾಜ್ಯಗಳ ಗಡಿ ಕುರಿತ 1967ರ ಮಹಾಜನ ವರದಿ ಈ ತಾಲೂಕನ್ನು ಕರ್ನಾಟಕಕ್ಕೆ ಸೇರಿಸಲು ಹೇಳಿತ್ತು. ಆ ವಾದಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ.

ಇನ್ನು ಬಟ್ಟೆ. 1870ರ ದಶಕದಲ್ಲಿ ಸೊಲ್ಲಾಪುರದಲ್ಲಿ ಗಿರಣಿ ಬಂತು. ಜನ ಅದನ್ನು 'ಜುನಿ ಮಿಲ್', ಅಂದರೆ ಹಳೆ ಗಿರಣಿ, ಎನ್ನುತ್ತಿದ್ದರು. ಆಮೇಲೆ ನರಸಿಂಗ ಗಿರಜಿ, ಲಕ್ಷ್ಮೀ, ವಿಷ್ಣು ಗಿರಣಿಗಳು. ಸ್ವಾತಂತ್ರ್ಯ ಚಳವಳಿಯ ಹೊತ್ತಿಗೆ, 1930ರ ಮೇ ತಿಂಗಳಲ್ಲಿ, ಗಿರಣಿಗಳ ಈ ಊರು ಬ್ರಿಟಿಷರ ಮಾರ್ಷಲ್ ಲಾ ಕಂಡಿತು. ಅದೇ ಹೋರಾಟದ ಸಂಬಂಧ ಮರುವರ್ಷ ಜನವರಿ 12ರಂದು ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ, ಜಗನ್ನಾಥ ಶಿಂದೆ, ಕುರ್ಬಾನ್ ಹುಸೇನ್ ನಾಲ್ವರನ್ನೂ ಯೆರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ದೊಡ್ಡ ಗಿರಣಿಗಳ ಭೋಂಗಾ, ಅಂದರೆ ಸೈರನ್, ನಿಂತು ದಶಕಗಳಾದವು. ನೇಕಾರಿಕೆ ಉಳಿದಿರುವುದು ಪೂರ್ವ ಭಾಗದ ಓಣಿಗಳಲ್ಲಿ ಮತ್ತು ಅಕ್ಕಲಕೋಟೆ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ. ನೇಯುವವರಲ್ಲಿ ಹೆಚ್ಚಿನವರು ತಲೆಮಾರುಗಳ ಹಿಂದೆ ತೆಲಂಗಾಣದಿಂದ ಬಂದ ಪದ್ಮಶಾಲಿಗಳು. ಮನೆಯೊಳಗೆ ತೆಲುಗು, ವ್ಯಾಪಾರಿಯ ಜೊತೆ ಮರಾಠಿ, ಹಳ್ಳಿಯ ಗಿರಾಕಿಯ ಜೊತೆ ಕನ್ನಡ. ಅವರ ಕುಲಮೂಲ ಮಾರ್ಕಂಡೇಯ ಮುನಿ. ಆತನ ರಥ ಊರಲ್ಲಿ ಹೊರಡುವುದು ಮರಾಠಿಯವರ ನಾರಳಿ ಪೂರ್ಣಿಮೆಗೆ. ಆ ದಿನಕ್ಕೆ ನಮ್ಮ ಕನ್ನಡದ ಹೆಸರು ನೂಲ ಹುಣ್ಣಿಮೆ. ನೇಕಾರರ ತೇರಿಗೆ ಇದಕ್ಕಿಂತ ಒಪ್ಪುವ ದಿನ ಇದೆಯೇ?

ಅಂಥ ಓಣಿಯ ಒಂದು ಶೆಡ್ಡಿನೊಳಗೆ ಪರಿಚಯದವರ ಜೊತೆ ಹೋಗಿದ್ದೆ. ಬಾಗಿಲು ದಾಟಿದ ಕೂಡಲೇ ಸದ್ದು ಎದೆಗೆ ಬಡಿಯಿತು. ಮಾತು ನಡೆಯುವುದು ಕೈಸನ್ನೆಯಲ್ಲಿ. ಪವರ್‌ಲೂಮಿನ ತಲೆಯ ಮೇಲೆ ಜಕಾರ್ಡ್ ಪೆಟ್ಟಿಗೆ, ಅದರಿಂದ ಇಳಿಬಿದ್ದ ರಟ್ಟಿನ ಕಾರ್ಡುಗಳ ಉದ್ದನೆಯ ಮಾಲೆ. ಒಂದೊಂದು ಕಾರ್ಡಿನಲ್ಲೂ ತೂತುಗಳು. ತೂತು ಇದ್ದ ಕಡೆ ಸೂಜಿ ಒಳಹೋಗುತ್ತದೆ, ಅದರ ಕೊಕ್ಕೆ ಹಾಸಿನ ಎಳೆಯನ್ನು ಮೇಲೆತ್ತುತ್ತದೆ. ತೂತಿಲ್ಲದ ಕಡೆ ಎಳೆ ಕೆಳಗೇ ಉಳಿಯುತ್ತದೆ. ಆ ಸಂದಿನಲ್ಲಿ ಲಾಳಿ ಹಾದು ಹೊಕ್ಕು ಬೀಳುತ್ತದೆ, ಹಣಿಗೆ ಬಡಿಯುತ್ತದೆ, ಮುಂದಿನ ಕಾರ್ಡು ತಿರುಗುತ್ತದೆ. ಒಂದು ಹೊಕ್ಕಿಗೆ ಒಂದು ಕಾರ್ಡು. ನವಿಲಿನ ಒಂದು ಗರಿ ಮೂಡಲು ಎಷ್ಟು ಕಾರ್ಡು ಬೇಕೆಂದು ಲೆಕ್ಕ ಹಾಕುತ್ತಾ ನಿಂತೆ, ಲೆಕ್ಕ ತಪ್ಪಿತು. ನೇಯುವ ಅಣ್ಣನ ರೆಪ್ಪೆಯ ಮೇಲೆ, ಕಿವಿಯ ಕೂದಲಿನ ಮೇಲೆ ಹತ್ತಿಯ ಬಿಳಿ ಧೂಳು ಕೂತಿತ್ತು. ಎಳೆಯೊಂದು ಹರಿಯಿತು. ಮಗ್ಗ ನಿಲ್ಲಿಸಿ, ಬೆರಳ ತುದಿಯಲ್ಲಿ ಹೊಸೆದು ಗಂಟು ಹಾಕಿ, ಮತ್ತೆ ಚಾಲೂ ಮಾಡಿದರು. ಇಷ್ಟಾಗಲು ನನ್ನ ಎರಡು ಉಸಿರಿನ ಹೊತ್ತೂ ಹಿಡಿಯಲಿಲ್ಲ.

ಸದ್ದಿಗೆ ಏನೂ ಕೇಳಿಸದೆ, ಒಂದೆರಡು ನಿಮಿಷ ನಿಲ್ಲಿಸಲಾದೀತೇ ಎಂದು ಸನ್ನೆ ಮಾಡಿದೆ. ಅವರು ಕಿವಿಯ ಹತ್ತಿರ ಬಂದು ಹೇಳಿದರು: "ನಿಲ್ಲಿಸಿದ್ರ ಪೀಸ್ ಕಡಿಮಿ ಆಗ್ತಾವ್ರೀ. ನೀವು ನೋಡ್ರಿ, ನಾ ನಡಸ್ತೀನಿ."

ಪ್ರವಾಸ ಬೇಡ ಎನ್ನುವವರ ಮೊದಲ ಮಾತು ಇದೇ, ಮತ್ತು ಅದು ದೊಡ್ಡ ಮಾತು. ಇಲ್ಲಿ ಕೂಲಿ ಪೀಸಿನ ಲೆಕ್ಕ. ಇಪ್ಪತ್ತು ಜನರ ಗುಂಪು ಬಂದು ಅರ್ಧ ಗಂಟೆ ನಿಂತು ಪ್ರಶ್ನೆ ಕೇಳಿದರೆ, ಆ ಅರ್ಧ ಗಂಟೆಯ ನಷ್ಟ ನೇಕಾರನದು, ಗುಂಪಿನ ಶುಲ್ಕ ಗೈಡಿನದು. ಪಕ್ಕದ ಕೋಣೆಯಲ್ಲಿ ಮನೆಯ ಹೆಂಗಸರು ಮೊರದ ಮೇಲೆ ಎಲೆ ಇಟ್ಟುಕೊಂಡು ಬೀಡಿ ಕಟ್ಟುತ್ತಿರುತ್ತಾರೆ. ಅದರ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಸೊಲ್ಲಾಪುರದಲ್ಲಿ ಮಗ್ಗ ಮತ್ತು ಬೀಡಿ ಒಂದೇ ಸೂರಿನ ಕೆಳಗೆ ಬದುಕುವ ಕಸಬುಗಳು. ಪ್ರವಾಸಿ ಅವರ ಬೀಡಿಯ ಫೋಟೋ ತೆಗೆದರೆ ಬಡತನ ತೋರಿಸಿದಂತೆ, ತೆಗೆಯದಿರಲಿ ಎಂದು ಬಾಗಿಲು ಮುಚ್ಚಿದರೆ ಅರ್ಧ ಮನೆಯನ್ನೇ ಅಡಗಿಸಿದಂತೆ. ಎರಡೂ ಸರಿಯಲ್ಲ.

ಎರಡನೆಯದು ಇನ್ನೂ ಗಂಭೀರ. ಪ್ರವಾಸಿಗೆ ಬೇಕಾದದ್ದು ಕೈಮಗ್ಗ. ಹಿಮಾಲಯದ ಚಿತ್ರಗಳಲ್ಲಿ ಕಾಣುವಂಥ ಬಿಸಿಲು, ಅಂಗಳ, ನಿಧಾನವಾಗಿ ನೇಯುವ ಅಜ್ಜಿ. ಸೊಲ್ಲಾಪುರದ ಚಾದರ ಮತ್ತು ಟವೆಲ್ ಬಹುಪಾಲು ಪವರ್‌ಲೂಮಿನ ಬಟ್ಟೆ. ಕೈಮಗ್ಗ ಉಳಿದಿರುವುದು ಸ್ವಲ್ಪ, ಅದೂ ಹೆಚ್ಚಾಗಿ ದೇವರ, ಮಹಾಪುರುಷರ ಚಿತ್ರ ನೇಯುವ ವಾಲ್‌ಹ್ಯಾಂಗಿಂಗಿಗೆ. ಪ್ರವಾಸ ಶುರುವಾದರೆ ತೋರಿಸಲಿಕ್ಕೆಂದೇ ಒಂದೆರಡು ಕೈಮಗ್ಗ ಇಟ್ಟು, ಊರಿನ ನಿಜವಾದ ದುಡಿಮೆಯನ್ನು ಹಿಂದಿನ ಓಣಿಗೆ ತಳ್ಳುವ ಅಪಾಯ ಇದೆ. ಪವರ್‌ಲೂಮಿನ ಕೆಲಸಗಾರನ ಕೈಯಲ್ಲೂ ಕಸಬಿದೆ, ಎಳೆ ಹರಿದಾಗ ಗಂಟು ಹಾಕಿದ ಆ ಬೆರಳಲ್ಲಿ ಅದನ್ನು ನಾನೇ ಕಂಡೆ. ಅದನ್ನು ಕಸಬೆಂದು ಒಪ್ಪದ ಪ್ರವಾಸ ಸೊಲ್ಲಾಪುರಕ್ಕೆ ಬೇಡ.

ಸುರಕ್ಷತೆಯ ಮಾತೂ ಇದೆ. 2025ರ ಮೇ 18ರ ನಸುಕಿನಲ್ಲಿ ಅಕ್ಕಲಕೋಟೆ ರಸ್ತೆಯ ವಸಾಹತಿನ ಟವೆಲ್ ಕಾರ್ಖಾನೆಯೊಂದರಲ್ಲಿ ಬೆಂಕಿ ಬಿದ್ದು ಎಂಟು ಜನ ಸತ್ತರು. ಮಾಲೀಕರು, ಅವರ ಮನೆಯವರು, ಕೆಲಸಗಾರರು, ಒಂದು ಎಳೆ ಕೂಸು. ಹತ್ತಿಯ ಧೂಳು, ನೂಲಿನ ರಾಶಿ, ಇಕ್ಕಟ್ಟಿನ ದಾರಿ ಇರುವ ಜಾಗಕ್ಕೆ ಹೊರಗಿನವರನ್ನು ಗುಂಪುಗುಂಪಾಗಿ ಕರೆದೊಯ್ಯುವ ಮುಂಚೆ, ಅಲ್ಲಿ ದಿನಾ ದುಡಿಯುವವರಿಗೆ ತಪ್ಪಿಸಿಕೊಳ್ಳುವ ಬಾಗಿಲಿದೆಯೇ ಎಂದು ಕೇಳಬೇಕು.

ಗುಡಿಯ ವಿಷಯಕ್ಕೆ ಬಂದರೆ, ಪೂಜೆ ಬರೀ ನೋಟವಾದೀತು ಎಂಬ ಭಕ್ತರ ಆತಂಕ ನನಗೆ ಅರ್ಥವಾಗುತ್ತದೆ. ಇದರ ಅನುಭವ ನಮ್ಮ ರಾಜ್ಯದಲ್ಲೇ ಇದೆ. ಬೈಲಕುಪ್ಪೆಯಲ್ಲಿ 1960ರ ದಶಕದ ಆರಂಭದಿಂದ ಟಿಬೆಟಿನ ನಿರಾಶ್ರಿತರು ನೆಲೆ ನಿಂತರು. ಹಿಮಾಲಯದಾಚೆಯ ರತ್ನಗಂಬಳಿ ನೇಯ್ಗೆಯೂ ಬೌದ್ಧ ಮಠವೂ ಅಲ್ಲಿಗೆ ಒಟ್ಟಿಗೇ ಬಂದವು. 1963ರಲ್ಲಿ ಶುರುವಾದ ನಾಮ್ಡ್ರೋಲಿಂಗ್ ಮಠದ ಸ್ವರ್ಣ ಮಂದಿರಕ್ಕೆ ಮಡಿಕೇರಿಗೆ ಹೋಗುವ ಪ್ರತಿ ಗಾಡಿಯೂ ತಿರುಗುತ್ತದೆ. ಪ್ರಾರ್ಥನೆ ನಡೆಯುವಾಗ ಸಾಲಾಗಿ ಕೂತ ಸಣ್ಣ ಭಿಕ್ಷುಗಳ ಮುಖದ ಹತ್ತಿರ ಮೊಬೈಲ್ ಹಿಡಿದು ನಿಂತವರನ್ನು ನಾನು ಅಲ್ಲಿ ನೋಡಿದ್ದೇನೆ. ಹುಡುಗನೊಬ್ಬ ಪುಸ್ತಕದಿಂದ ಕಣ್ಣೆತ್ತಲಿಲ್ಲ, ಕಿವಿ ಮಾತ್ರ ಕೆಂಪಾಗಿತ್ತು. ಗುಡಿಗೆ ಬಂದವರು ಮಗ್ಗದ ಕಡೆ ಹೋಗುವುದು ಕಡಿಮೆ. ಹದಿನೈದು ನಿಮಿಷ ವಿಗ್ರಹ, ಐದು ನಿಮಿಷ ಅಂಗಡಿ, ಗಾಡಿ ಹೊರಟಿತು. ಸಮ್ಮತಿ ಕಟ್ಟೆಯ ಅಕ್ಷತೆಗೂ ಇದೇ ಗತಿ ಬರುವುದಾದರೆ ಅದನ್ನು ನಾನು ಸಹಿಸಲಾರೆ.

ಹಾಗಿದ್ದೂ ಇಂಥ ಪ್ರವಾಸ ಬೇಕು ಎನ್ನುವವರ ಪರವಾಗಿ ಹೇಳಬೇಕಾದದ್ದು ಬಹಳ ಇದೆ.

ಅಕ್ಕಲಕೋಟೆಗೆ ದಿನಾ ಸಾವಿರಾರು ಜನ ಬರುತ್ತಾರೆ. ತುಳಜಾಪುರ, ಪಂಢರಪುರ, ಅಕ್ಕಲಕೋಟೆ, ನಮ್ಮ ಅಫಜಲಪುರ ತಾಲೂಕಿನ ಗಾಣಗಾಪುರ ಸೇರಿ ಇದು ದೊಡ್ಡ ಯಾತ್ರೆಯ ಸುತ್ತು. ಈ ಸುತ್ತಿನ ಬಹುಪಾಲು ಗಾಡಿಗಳು ಸೊಲ್ಲಾಪುರವನ್ನು ಹಾದೇ ಹೋಗುತ್ತವೆ. ಯಾತ್ರಿಕರು ದಾರಿಬದಿಯ ಅಂಗಡಿಯಲ್ಲಿ 'ಸೊಲ್ಲಾಪುರ ಚಾದರ' ಎಂದು ಕೊಳ್ಳುತ್ತಾರೆ. ಬೇರೆಲ್ಲೋ ನೇಯ್ದ ಅಗ್ಗದ ಹೊದಿಕೆಗಳು ಈ ಊರಿನ ಹೆಸರಿನಲ್ಲಿ ಹೋಗುತ್ತಿವೆ ಎಂಬುದು ನೇಕಾರರ ಹಳೆಯ ದೂರು. 2005ರ ಸುಮಾರಿಗೇ ಸೊಲ್ಲಾಪುರ ಚಾದರಕ್ಕೂ ಟೆರ್ರಿ ಟವೆಲ್ಲಿಗೂ ಜಿಐ ನೋಂದಣಿ ಆಯಿತು. ಆದರೆ ಕೊಳ್ಳುವವನ ಕಣ್ಣಿಗೆ ವ್ಯತ್ಯಾಸ ತಿಳಿಯದಿದ್ದರೆ ಆ ಕಾಗದ ಏನು ಮಾಡೀತು? ನಾನು ಆ ಶೆಡ್ಡಿನಲ್ಲಿ ಅರ್ಧ ಗಂಟೆ ನಿಂತ ಮೇಲೆ ಪೇಟೆಗೆ ಹೋಗಿ ಮೂರು ಚಾದರ ಮುಟ್ಟಿ ನೋಡಿದೆ. ಯಾವುದರಲ್ಲಿ ಹೂವು ನೇಯ್ಗೆಯಲ್ಲೇ ಇದೆ, ಯಾವುದರಲ್ಲಿ ಮೇಲೆ ಅಚ್ಚು ಹೊಡೆದದ್ದು ಎಂದು ಬೆರಳಿಗೇ ಗೊತ್ತಾಯಿತು. ಮಗ್ಗ ನೋಡಿದ ಗಿರಾಕಿ ಮೋಸ ಹೋಗುವುದು ಕಷ್ಟ, ಬೆಲೆಗೆ ಜಗ್ಗಾಡುವುದೂ ಕಡಿಮೆ.

ಮಕ್ಕಳ ಮಾತೂ ಇದೆ. ಮಗ್ಗದ ಮನೆಯ ಹುಡುಗ ಹುಡುಗಿಯರು ಈಗ ಪುಣೆ, ಹೈದರಾಬಾದಿನ ಕಡೆ ಮುಖ ಮಾಡಿದ್ದಾರೆ. ಅವರನ್ನು ಮಗ್ಗಕ್ಕೆ ಕಟ್ಟಿಹಾಕಿ ಎಂದು ನಾನು ಹೇಳುವುದಿಲ್ಲ. ಆದರೆ ಅಪ್ಪನ ಕೆಲಸವನ್ನು ದೂರದಿಂದ ಬಂದವರು ಗೌರವದಿಂದ ನಿಂತು ನೋಡಿದರೆ, ಅದು ಮಗನಿಗೂ ಕಾಣುತ್ತದೆ.

ಇನ್ನೊಂದು ಕಾರಣ ನನಗೆ ಎಲ್ಲಕ್ಕಿಂತ ಹತ್ತಿರದ್ದು, ಭಾಷೆ. ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳ ಕನ್ನಡ ಶಾಲೆಗಳಲ್ಲಿ ಓದಿದವರು ಕನ್ನಡ, ಮರಾಠಿ ಎರಡನ್ನೂ ಸಲೀಸಾಗಿ ಆಡುತ್ತಾರೆ, ಹಿಂದಿಯೂ ಬರುತ್ತದೆ. ಕೆಲಸ ಹುಡುಕುವಾಗ ಮಾತ್ರ ಕನ್ನಡ ಮಾಧ್ಯಮ ಎಂಬುದು ಮಹಾರಾಷ್ಟ್ರದಲ್ಲಿ ಅವರಿಗೆ ಅಡ್ಡಿಯಾಗುತ್ತದೆ. ಸಿದ್ಧರಾಮನ ಕೆರೆಯ ದಂಡೆಯಲ್ಲಿ ನಿಂತು, ಆತ 'ಕಪಿಲಸಿದ್ಧಮಲ್ಲಿಕಾರ್ಜುನ' ಅಂಕಿತದಲ್ಲಿ ಬರೆದದ್ದು ಕನ್ನಡದಲ್ಲಿ ಎಂದು ಪುಣೆಯವರಿಗೆ ಮರಾಠಿಯಲ್ಲಿ ಹೇಳಬಲ್ಲ ಗೈಡುಗಳು ಇವರೇ. ಅಲ್ಲಮಪ್ರಭು ಸೊನ್ನಲಿಗೆಗೆ ಬಂದು, ಕೆರೆ ಅಗೆಯುವವರ ಮುಂದೆ ಸಿದ್ಧರಾಮನನ್ನು ಒಡ್ಡನೆಂದು ಕೂಗಿ ಕೆಣಕಿದ ಕಥೆಯನ್ನು ಆ ಕೆರೆಯ ಎದುರೇ ಹೇಳಿದರೆ ಹೇಗಿರುತ್ತದೆ! ಕೆರೆ ಕಟ್ಟಿದರೆ ಸಾಕೇ, ಒಳಗಿನದನ್ನು ಕಟ್ಟಬೇಡವೇ ಎಂದು ಅಲ್ಲಮ ಕೇಳಿದ. ಸಿದ್ಧರಾಮ ಕಲ್ಯಾಣಕ್ಕೆ ಹೋದ, ಆತ ಕಟ್ಟಿದ ಕೆರೆ ಊರಿಗೆ ಉಳಿಯಿತು. ಗೆಳತಿ ನೋಡಿಬಂದ ಬೌದ್ಧ ನೆಲೆಗಳ ಮಾತಿಗೆ ಬಂದರೆ, ಈ ಸೀಮೆಯಿಂದ ಭೀಮೆಯ ಗುಂಟ ಕೆಳಗೆ ಹೋದರೆ ಸನ್ನತಿ ಸಿಗುತ್ತದೆ. ಅಲ್ಲಿನ ಕನಗನಹಳ್ಳಿ ಸ್ತೂಪದಲ್ಲಿ ಅಶೋಕನ ಹೆಸರು ಕೊರೆದ ಶಿಲ್ಪವಿದೆ. ಬೌದ್ಧ ನೆಲೆ ನೋಡಲು ಹಿಮಾಲಯಕ್ಕೇ ಹೋಗಬೇಕಿಲ್ಲ ಎಂದು ನಾನು ನನ್ನ ಗೆಳತಿಗೆ ಹೇಳಿದ್ದೂ ಇದಕ್ಕೇ.

ಇಷ್ಟು ತೂಗಿದ ಮೇಲೆ ನನ್ನ ತೀರ್ಮಾನ: ಪ್ರವಾಸ ಬೇಕು, ಆದರೆ ಮಗ್ಗದ ಮನೆಯವರ ಷರತ್ತಿನ ಮೇಲೆ. ಗುಂಪು ಆರೆಂಟು ಜನರಿಗಿಂತ ದೊಡ್ಡದಾಗಬಾರದು. ಶೆಡ್ಡಿಗೆ ಕಾಲಿಡುವ ಮುಂಚೆಯೇ, ನಿಂತ ಹೊತ್ತಿನ ಪೀಸಿನ ಕೂಲಿ ನೇಕಾರನ ಕೈಗೆ ನೇರವಾಗಿ ಬೀಳಬೇಕು. ಅದನ್ನು ಬಕ್ಷೀಸು ಎನ್ನಬಾರದು, ಅದು ಆತನ ದುಡಿಮೆಯ ಹಣ. ಯಾವ ಮನೆಗೆ ಹೋಗಬಹುದು, ಯಾವ ಹೊತ್ತಿಗೆ, ಎಲ್ಲಿವರೆಗೆ ಎಂಬುದನ್ನು ಆ ಮನೆಯವರೇ, ಅದರಲ್ಲೂ ಹೆಂಗಸರು, ಹೇಳಬೇಕು. ಬೀಡಿ ಕಟ್ಟುವ ಅಕ್ಕ ತನ್ನ ಕಥೆ ಹೇಳಲು ಒಪ್ಪಿದರೆ ಆಕೆಗೂ ಗೈಡಿನಷ್ಟೇ ಸಂಬಳ. ಪವರ್‌ಲೂಮನ್ನು ಪವರ್‌ಲೂಮೆಂದೇ ತೋರಿಸಬೇಕು. ಜಾತ್ರೆಯ ಮೂರು ದಿನ ಯಾವ ಗುಂಪೂ ಬೇಡ. ಬರುವುದಿದ್ದರೆ ಭಕ್ತರಾಗಿ ಬಂದು ಎಲ್ಲರ ಜೊತೆ ನಿಲ್ಲಲಿ.

ಇದರಿಂದ ನೇಕಾರಿಕೆ ಉಳಿಯುತ್ತದೆ ಎಂದು ನಾನು ನಂಬಿಲ್ಲ. ನೂಲಿನ ದರ, ಕರೆಂಟಿನ ಬಿಲ್ಲು, ಅಗ್ಗದ ಮಾಲಿನ ಪೈಪೋಟಿ ಇವು ಪ್ರವಾಸದಿಂದ ಬಗೆಹರಿಯುವ ಸಂಗತಿಗಳಲ್ಲ. ಅದಕ್ಕೆ ಸರಕಾರವೂ ಮಾರುಕಟ್ಟೆಯೂ ಲೆಕ್ಕ ಕೊಡಬೇಕು. ಮಗ್ಗದ ಮನೆ ಮತ್ತು ಚಾದರ ಹೊದೆಯುವ ಮನೆ ಒಂದನ್ನೊಂದು ನೋಡಲಿ ಎಂಬುದಷ್ಟೇ ನನ್ನ ಆಸೆ. ನಮ್ಮ ಅಜ್ಜ ಅದನ್ನು ಮಾಡಲಿಲ್ಲ, ಆತನಿಗೆ ದಾರಿ ತೋರಿಸುವವರು ಯಾರೂ ಇರಲಿಲ್ಲ.

ಮುಂದಿನ ಸಲ ಅಕ್ಕಲಕೋಟೆಗೋ ಗಾಣಗಾಪುರಕ್ಕೋ ಹೊರಟಾಗ ಸೊಲ್ಲಾಪುರದಲ್ಲಿ ಅರ್ಧ ದಿನ ಇಳಿಯಿರಿ. ಸಿದ್ಧೇಶ್ವರನ ಕೆರೆಯ ದಂಡೆಯಲ್ಲಿ ಕೂತು, ಪೂರ್ವ ಭಾಗದಲ್ಲಿ ಪರಿಚಯದವರನ್ನು ಹಿಡಿದು ಒಂದು ಮಗ್ಗ ನೋಡಿ. ಫೋಟೋಗೆ ಮುಂಚೆ ಕೇಳಿ. ಮಗ್ಗ ನಿಲ್ಲಿಸಲು ನಾನು ಕೇಳಿದಂತೆ ನೀವು ಕೇಳಬೇಡಿ. ಚಾದರ ಕೊಳ್ಳುವುದಿದ್ದರೆ ಅಲ್ಲೇ ಕೊಳ್ಳಿ, ನೇಯ್ದವರ ಹೆಸರು ಕೇಳಿಕೊಂಡು ಬನ್ನಿ.